ಕಲಾಯಿಯವನ ಸೋಮವಾರ

"ಬುದ್ಧಿ, ಕೈಯಲ್ಲಿ ಕಾಸಿಲ್ಲದವನು ಸಾಲ ಕೊಟ್ಟವರ ಮುಂದೆ ಹೋಗಿ ನಿಂತರೆ ಏನು ಬಂತು? ಕಾಸು ಕೂಡಿದ ಮೇಲೆ ಹೋದರೆ ಆಗದೇ?"

ಕೇಳಿದವನು ಗುರುಸಿದ್ದ. ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವನು. ನಾಲ್ಕು ಜನರ ಹತ್ತಿರ ಸಾಲ ಮಾಡಿ, ತೀರಿಸಲಾಗದೆ, ಅಂಗಡಿಗೆ ಬೀಗ ಹಾಕಿ ಮಠಕ್ಕೆ ಬಂದು ಎರಡು ತಿಂಗಳಾಗಿತ್ತು. ಹೆಂಡತಿ ಊರಲ್ಲೇ ಇದ್ದಳು. ಇವನು ಇಲ್ಲಿ ಅಂಗಳ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ, ಇನ್ನು ಮಠದಲ್ಲೇ ಇದ್ದುಬಿಡುತ್ತೇನೆ ಎನ್ನುತ್ತಿದ್ದ. ಗುರುಗಳು ಇಷ್ಟು ದಿನ ಏನನ್ನೂ ಕೆದಕಿರಲಿಲ್ಲ. ಈಗ ಅವನೇ ಬಾಯಿ ಬಿಟ್ಟದ್ದನ್ನು ನೋಡಿ ಪೊರಕೆ ಕೆಳಗಿಡಲು ಹೇಳಿದರು, ಎದುರಿಗೆ ಕೂರಿಸಿಕೊಂಡರು.

"ಆಣೆ ಕಾಲದ ಕತೆಯೊಂದಿದೆ, ಕೇಳು. ಮಧ್ಯೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಊರು. ಆ ಊರಿಗೆಲ್ಲ ಒಬ್ಬನೇ ಕಲಾಯಿಯವನು. ಹಿತ್ತಾಳೆ ಪಾತ್ರೆಯನ್ನು ಕಾಯಿಸಿ ಒಳಗೆ ತವರ ಬಳಿಯುವುದು ಅವನ ಕಸುಬು. ಬೆಂಕಿಗೆ ಗಾಳಿ ಊದುವ ತಿದಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಬರುತ್ತಿದ್ದ. ಮರದ ನೆರಳು ನೋಡಿ, ನೆಲದಲ್ಲಿ ಗುಳಿ ತೋಡಿ, ಇದ್ದಿಲು ಹೊತ್ತಿಸಿ ಒಂದು ಕೂಗು ಹಾಕುತ್ತಿದ್ದ. ಮನೆಮನೆಯಿಂದ ತಪ್ಪಲೆ, ಕೊಳಗ, ಹಂಡೆಗಳು ಬಂದು ಅವನ ಮುಂದೆ ಗುಡ್ಡೆ ಬೀಳುತ್ತಿದ್ದವು. ಊರಿಗೆ ಮೂರು ಬೀದಿ, ಅವನು ಇದ್ದದ್ದು ಊರಂಚಿನಲ್ಲಿ. ದಿನಕ್ಕೊಂದು ಬೀದಿ ಸುತ್ತಿದರೆ ಅವನ ಮನೆ ನಡೆಯುತ್ತಿತ್ತು. ದೊಡ್ಡ ಬದುಕೇನಲ್ಲ. ಆದರೆ ಯಾರ ಮುಂದೆಯೂ ತಲೆ ತಗ್ಗಿಸುವ ಬದುಕೂ ಆಗಿರಲಿಲ್ಲ.

ಹೀಗಿರುವಾಗ ಹೆಂಡತಿಗೆ ಜ್ವರ ಬಂತು. ಅದು ಬಿಟ್ಟು ಬಿಟ್ಟು ಮೂರು ತಿಂಗಳು ಮಲಗಿಸಿತು. ಕಲಾಯಿಯವನು ಕೆಲಸ ಬಿಟ್ಟು ಹಾಸಿಗೆಯ ಪಕ್ಕ ಕೂತ. ಕೂರದೆ ಏನು ಮಾಡುತ್ತಾನೆ, ಪಾಪ. ಮದ್ದು ಕೊಡುವ ಪಂಡಿತರಿಗೆಂದು ಮೇಲಿನ ಬೀದಿಯ ಬಡ್ಡಿ ಸಾಹುಕಾರನಿಂದ ನೂರು ರೂಪಾಯಿ ತಂದ. ಮನೆ ಖರ್ಚಿಗೆಂದು ಕೋಟೆ ಬೀದಿಯಲ್ಲಿ ಊಟದ ಮನೆ ನಡೆಸುತ್ತಿದ್ದ ಅಜ್ಜಿಯಿಂದ ನಲವತ್ತು ತಂದ. ಹೆಂಡತಿ ಎದ್ದು ಓಡಾಡುವಂತಾದ ಮೇಲೆ ಮತ್ತೆ ಕೆಲಸ ಹಿಡಿಯಬೇಕಲ್ಲ, ಪೇಟೆ ಬೀದಿಯ ಲೋಹದ ವ್ಯಾಪಾರಿಯಿಂದ ಅರವತ್ತು ರೂಪಾಯಿಯ ತವರವನ್ನು ಕಡವಾಗಿ ತಂದ.

ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಹೆಂಡತಿ ಸಾಯುವ ಹಾಗಿದ್ದಾಗ ಸಾಲ ಮಾಡಬಾರದು ಎನ್ನುವವನು ನನ್ನ ಮಠದ ಮೆಟ್ಟಿಲು ಹತ್ತುವುದು ಬೇಡ. ತಪ್ಪು ಶುರುವಾದದ್ದು ವ್ಯಾಪಾರಿ ಮೊದಲ ಸಲ ಕೇಳಿದಾಗ. ಯಾವಾಗ ಕೊಡುತ್ತೀಯಪ್ಪ ಎಂದು ಅವನು ಸಾಧಾರಣವಾಗಿಯೇ ಕೇಳಿದ. ಕಲಾಯಿಯವನಿಗೆ ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಸೋಮವಾರ ಪೂರ್ತಿ ಕೊಡುತ್ತೇನೆ ಎಂದ. ಯಾಕೆ ಸೋಮವಾರ, ಎಲ್ಲಿಂದ ಪೂರ್ತಿ ಎಂದು ಅವನನ್ನೇ ಕೇಳಿದರೂ ಗೊತ್ತಿರಲಿಲ್ಲ. ಸೋಮವಾರ ಬಂತು. ಕೈಯಲ್ಲಿ ಎಂಟಾಣೆ ಇತ್ತು. ಅರವತ್ತು ಕೊಡುತ್ತೇನೆಂದವನು ಎಂಟಾಣೆ ಹಿಡಿದು ಹೋದರೆ ನಗುತ್ತಾರೆ ಎನ್ನಿಸಿ ಹೋಗಲೇ ಇಲ್ಲ. ಮರುದಿನ ಆ ಬೀದಿಗೆ ಕಾಲಿಡಲು ಹೆದರಿದ. ಅದರ ಮರುದಿನವೂ ಹಾಗೆಯೇ ಆಯಿತು.

ತಾನು ವ್ಯಾಪಾರಿಯ ಅಂಗಡಿಯೊಂದನ್ನೇ ಬಿಟ್ಟೆ ಎಂದು ಅವನು ತಿಳಿದಿದ್ದ. ಪೇಟೆ ಬೀದಿಯಲ್ಲಿ ನಲವತ್ತು ಮನೆಗಳಿದ್ದವು. ಆ ನಲವತ್ತು ಮನೆಗಳ ಪಾತ್ರೆಗಳೂ ಕೈತಪ್ಪಿದವು. ಗಳಿಕೆ ಇಳಿಯಿತು. ಅಷ್ಟರಲ್ಲಿ ಅಜ್ಜಿ ಕೇಳಿದಳು. ಅವಳಿಗೂ ಸೋಮವಾರ ಎಂದ, ಕೋಟೆ ಬೀದಿಯನ್ನು ಬಿಟ್ಟ. ಸಾಹುಕಾರ ಕೇಳಿದ. ಅವನಿಗೂ ಸೋಮವಾರ ಎಂದ, ಮೇಲಿನ ಬೀದಿಯನ್ನೂ ಬಿಟ್ಟ. ನೋಡಯ್ಯ, ಮೂರು ಜನರಿಂದ ತಲೆ ತಪ್ಪಿಸಿಕೊಳ್ಳಲು ಇಡೀ ಊರಿನ ಕೆಲಸ ಕಳೆದುಕೊಂಡ ಬುದ್ಧಿವಂತ ಇವನು. ಇವನ ಕಸುಬೇ ಬೀದಿ ಸುತ್ತುವುದು ಎಂಬುದು ಇವನಿಗೇ ಮರೆತುಹೋಗಿತ್ತು.

ಆಮೇಲೆ ಸುತ್ತಲ ಹಳ್ಳಿಗಳಿಗೆ ಹೊರಟ. ಅಲ್ಲಿ ಅಡುಗೆಯೆಲ್ಲ ಮಣ್ಣಿನ ಗಡಿಗೆಯಲ್ಲಿ. ಗಡಿಗೆಗೆ ಕಲಾಯಿ ಹಾಕಲು ಬರುತ್ತದೆಯೇ? ಮನೆಗೊಂದು ಚೊಂಬು ಸಿಕ್ಕರೆ ಹೆಚ್ಚು. ಬೆಳಗಿನಿಂದ ಸಂಜೆಯವರೆಗೆ ನಡೆದರೂ ಇದ್ದಿಲಿನ ಖರ್ಚು ಹುಟ್ಟುತ್ತಿರಲಿಲ್ಲ. ಮೊದಲು ಅವನ ಹತ್ತಿರ ಎಂಟಾಣೆಯಾದರೂ ಇತ್ತು. ಈಗ ಅದೂ ಇಲ್ಲದಂತಾಯಿತು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಅಜ್ಜಿಯ ಊಟದ ಮನೆಯ ಅಡುಗೆಯವನು ಇವನ ಮನೆ ಕಡೆ ಬರುವುದು ಕಂಡಿತು. ಕಲಾಯಿಯವನು ಹಿತ್ತಲಿನ ಗೋಡೆ ಹಾರಿ ಓಡಿದ. ನಾಲ್ಕು ದಿನ ಬಿಟ್ಟು ಅಡುಗೆಯವನು ಮತ್ತೆ ಬಂದ, ಇವನು ಮತ್ತೆ ಗೋಡೆ ಹಾರಿದ. ಮೂರನೆಯ ಸಲ ಇವನು ಗೋಡೆ ಹಾರುವುದನ್ನು ಅವನು ಕಣ್ಣಾರೆ ಕಂಡ. ಬಾಗಿಲಿಗೆ ಬಂದ ಹೆಂಡತಿ, ಅವನು ಮಾತಾಡುವ ಮೊದಲೇ, ಯಜಮಾನರು ಊರಲ್ಲಿಲ್ಲ ಎಂದು ಕದ ಮುಚ್ಚಿದಳು. ಮುಚ್ಚಿ ಅಲ್ಲೇ ಕೂತು ಅತ್ತಳು. ಸಾಲಕ್ಕಿಂತ ಈ ಸುಳ್ಳು ಅವಳಿಗೆ ಹೆಚ್ಚು ಸಂಕಟವಾಗಿತ್ತು.

ಅವಳು ಅತ್ತದ್ದು ತಿಳಿದು ಕಲಾಯಿಯವನು ಊರು ಬಿಡುವುದೆಂದು ತೀರ್ಮಾನಿಸಿದ. ಇಲ್ಲಿ ಮುಖ ತೋರಿಸಿ ಬದುಕುವಂತಿಲ್ಲ, ಗುರುತಿಲ್ಲದ ಊರಿಗೆ ಹೋಗೋಣ ಎಂದ. ಅವಳು ಬೇಡ ಎನ್ನಲಿಲ್ಲ. ಆದರೆ ಗಂಟು ಕಟ್ಟಲು ಏಳಲೂ ಇಲ್ಲ. ಅವಳು ಹುಟ್ಟಿದ್ದು ಅಲ್ಲೇ, ಮಲಗಿದ್ದಾಗ ನೆರೆಹೊರೆಯವರು ಗಂಜಿ ಕಾಯಿಸಿಕೊಟ್ಟದ್ದೂ ಅಲ್ಲೇ. ಅವನೇ ಬಟ್ಟೆ ಕಟ್ಟಿದ, ತಿದಿ ಕಟ್ಟಿದ. ಕಟ್ಟುವಾಗ ಅವನಿಗೂ ಕೈ ಬರುತ್ತಿರಲಿಲ್ಲ.

ಮನೆಯಿಂದ ಹೊರಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತು. ಗಾಡಿಯಿಂದ ಇಳಿದವಳು ಅಜ್ಜಿ. ತಿದಿ ಜಪ್ತಿ ಮಾಡಲು ಗಾಡಿಯನ್ನೇ ತಂದಿದ್ದಾಳೆ ಎಂದುಕೊಂಡ. ಓಡಲು ದಾರಿಯಿಲ್ಲದೆ ಎದುರಿಗೆ ಬಂದು, ಈ ಸೋಮವಾರ ಖಂಡಿತ ಎಂದು ತೊದಲಿದ.

"ಸೋಮವಾರದ ಮನೆ ಹಾಳಾಗಲಿ," ಎಂದಳು ಅಜ್ಜಿ. "ನಾಲ್ಕು ತಿಂಗಳಿಂದ ನನ್ನ ಕೊಳಗಗಳಿಗೆ ಕಲಾಯಿ ಇಲ್ಲ. ಸಾರು ಮಾಡಿದರೆ ಕಿಲುಬು ಬರುತ್ತದೆ. ದಿನಾ ಬರುತ್ತಿದ್ದವರಲ್ಲಿ ಆರು ಜನ ಹೊಟ್ಟೆ ಹಿಡಿದುಕೊಂಡು ಬೇರೆ ಕಡೆ ಊಟಕ್ಕೆ ಹೋದರು. ಪಾತ್ರೆ ತೆಗೆದುಕೊಂಡು ಹೋಗು ಅಂತ ಮೂರು ಸಲ ಹೇಳಿ ಕಳಿಸಿದರೆ ಗೋಡೆ ಹಾರುತ್ತೀಯಂತಲ್ಲ."

ಗಾಡಿಯ ತುಂಬ ಇದ್ದದ್ದು ಅವಳ ಪಾತ್ರೆಗಳು. ಕಲಾಯಿಯವನು ಅಲ್ಲೇ ಕುಸಿದು ಕೂತು ಬಿಕ್ಕಿದ. ಅಜ್ಜಿ ಸಮಾಧಾನ ಮಾಡಲು ಹೋಗಲಿಲ್ಲ. ಮೊದಲು ಒಲೆ ಹೊತ್ತಿಸು, ಸಂಜೆ ಊಟಕ್ಕೆ ಜನ ಬರುತ್ತಾರೆ ಎಂದಳು.

ಅವನು ತಿದಿ ಬಿಚ್ಚಿ ಕೆಲಸಕ್ಕೆ ಕೂತ. ಅಜ್ಜಿ ಕಲ್ಲಿನ ಮೇಲೆ ಕೂತು ಒಂದೊಂದೇ ಕೇಳತೊಡಗಿದಳು. ಮೂರೂ ಬೀದಿಯ ಕೆಲಸವಿದ್ದರೆ ದಿನಕ್ಕೆ ಎಷ್ಟು ಹುಟ್ಟುತ್ತದೆ? ಎರಡು ರೂಪಾಯಿ. ಮನೆಗೆ, ಇದ್ದಿಲಿಗೆ, ತವರಕ್ಕೆ ಎಷ್ಟು ಬೇಕು? ಒಂದೂವರೆ. ಹಾಗಾದರೆ ಉಳಿಯುವುದು ಎಂಟಾಣೆ. ಈ ಲೆಕ್ಕವನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಸಾಲ ಎಷ್ಟು ಎಂಬುದು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಎಂಟಾಣೆ ಉಳಿಯುವವನು ಎಂಟಾಣೆ ಅಂತ ಹೇಳು," ಎಂದಳು ಅಜ್ಜಿ. "ಸೋಮವಾರ ಅಂತ ಯಾಕೆ ಹೇಳುತ್ತೀ?"

ಅಜ್ಜಿ ತನ್ನ ನಲವತ್ತನ್ನು ಬಿಟ್ಟುಕೊಟ್ಟಳು ಎಂದುಕೊಳ್ಳಬೇಡ. ಅವಳು ಒಂಟಿ ಹೆಂಗಸು, ಬೆಂಕಿಯ ಮುಂದೆ ಬೆಂದು ಕೂಡಿಸಿದ ಹಣ. ಇನ್ನು ಮುಂದೆ ಹಾಕುವ ಕಲಾಯಿಯ ಕೂಲಿಯಲ್ಲಿ ಅರ್ಧ ಸಾಲಕ್ಕೆ, ಅರ್ಧ ಕೈಗೆ ಎಂದು ಮಾತಾಯಿತು. ಪೂರ್ತಿ ಮುರಿದುಕೊಳ್ಳಿ ಅಜ್ಜಿ ಎಂದು ಅವನು ದೊಡ್ಡಸ್ತಿಕೆ ತೋರಿಸಲು ಹೋದ. ಪೂರ್ತಿ ಮುರಿದುಕೊಂಡರೆ ಉಪವಾಸ ಬಿದ್ದು ನೀನು ಮತ್ತೆ ಗೋಡೆ ಹಾರುತ್ತೀ, ಸುಮ್ಮನಿರು ಎಂದು ಗದರಿದಳು.

ಮರುದಿನ ಬೆಳಿಗ್ಗೆ ಕಲಾಯಿಯವನು ಪೇಟೆ ಬೀದಿಗೆ ಹೋದ. ವ್ಯಾಪಾರಿ ಗಿರಾಕಿಗಳ ಎದುರಿಗೇ ಬಾಯಿಗೆ ಬಂದಂತೆ ಬೈದ. ಕಲಾಯಿಯವನು ಕೊನೆಯವರೆಗೂ ನಿಂತು ಕೇಳಿದ. ಬೈಗುಳ ಮುಗಿದ ಮೇಲೆ ತನಗೆ ದಿನಕ್ಕೆ ಉಳಿಯುವುದು ಎಂಟಾಣೆ, ಅದರಲ್ಲಿ ನಾಲ್ಕಾಣೆ ನಿಮಗೆ, ನಾಲ್ಕಾಣೆ ಸಾಹುಕಾರರಿಗೆ ಎಂದ. ವ್ಯಾಪಾರಿ ಆ ಅರವತ್ತನ್ನು ಹೋದ ಬಾಬತ್ತು ಎಂದು ಯಾವತ್ತೋ ಮನಸ್ಸಿನಲ್ಲಿ ಬರೆದುಕೊಂಡಿದ್ದ. ಈಗ ಒಂದು ಮಾತು ಕೊಟ್ಟ. ದಿನಾ ಸಂಜೆ ನಾಲ್ಕಾಣೆಯಂತೆ ನಲವತ್ತೈದು ರೂಪಾಯಿ ಮುಟ್ಟಿಸಿದರೆ ಉಳಿದ ಹದಿನೈದನ್ನು ಹೊಡೆದುಹಾಕುತ್ತೇನೆ, ಒಂದು ಸಂಜೆ ತಪ್ಪಿದರೂ ಅರವತ್ತಕ್ಕೆ ಅರವತ್ತೂ ಕೊಡಬೇಕು ಎಂದ.

ಸಾಹುಕಾರ ಗಟ್ಟಿ ಮನುಷ್ಯ. ಮೊದಲ ದಿನ ಕೂರಲೂ ಹೇಳಲಿಲ್ಲ. ಅಸಲಿನಲ್ಲಿ ಕಾಸು ಬಿಡುವುದಿಲ್ಲ, ಏರಿದ ಬಡ್ಡಿಯಲ್ಲೂ ಬಿಡುವುದಿಲ್ಲ ಎಂದ. ಕಲಾಯಿಯವನು ನಾಲ್ಕಾಣೆಯನ್ನು ಜಗಲಿಯ ಮೇಲಿಟ್ಟು ಬಂದ. ಮರುದಿನವೂ ಹೋಗಿ ಇಟ್ಟು ಬಂದ. ಎಂಟನೆಯ ದಿನ ಸಾಹುಕಾರ ತಾನಾಗಿಯೇ ಕೂರಲು ಹೇಳಿ, ದಿನಾ ಹೀಗೆ ಬರುವುದಾದರೆ ಮುಂದಿನ ಬಡ್ಡಿಯನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದ. ಅವನಿಂದ ಸಿಕ್ಕಿದ್ದು ಅಷ್ಟೇ. ಕಲಾಯಿಯವನು ಅಷ್ಟಕ್ಕೇ ಕೈಮುಗಿದ.

ಮೂರೂ ಬೀದಿ ಮತ್ತೆ ತೆರೆದವು. ಕೆಲಸ ಸಿಕ್ಕಿತು. ನಾಲ್ಕು ತಿಂಗಳಲ್ಲಿ ವ್ಯಾಪಾರಿಗೆ ಮೂವತ್ತು ರೂಪಾಯಿ ಸಂದಿತು. ಆಗ ಮಳೆ ಹಿಡಿಯಿತು. ತೋಡಿದ ಗುಳಿಯಲ್ಲೆಲ್ಲ ನೀರು. ಬಯಲಲ್ಲಿ ಒಲೆ ಹೂಡುವವನಿಗೆ ಮಳೆಯಲ್ಲಿ ಏನು ಕೆಲಸ? ಎರಡು ದಿನ ಮನೆಯಲ್ಲಿದ್ದುದನ್ನು ಕೊಟ್ಟ. ಮೂರನೆಯ ಸಂಜೆ ಒಂದು ಕಾಸೂ ಇರಲಿಲ್ಲ.

ಹೋಗದಿದ್ದರೆ ಅರವತ್ತಕ್ಕೆ ಅರವತ್ತು. ಬರಿಗೈಯಲ್ಲಿ ಹೋದರೂ ಅರವತ್ತಕ್ಕೆ ಅರವತ್ತು. ಹಾಗಿದ್ದ ಮೇಲೆ ಹೋಗಿ ಏನು ಬಂತು ಎಂದು ಅವನಿಗೂ ಅನ್ನಿಸಿತು, ಗುರುಸಿದ್ದ, ನಿನಗೆ ಅನ್ನಿಸಿದ ಹಾಗೆಯೇ. ಬಾಗಿಲ ತನಕ ಹೋಗಿ ಹಿಂದೆ ಬಂದ. ಅವನ ಕಣ್ಣು ಹಿತ್ತಲಿನ ಕಡೆ ಹೋದದ್ದನ್ನು ಹೆಂಡತಿ ನೋಡಿದಳು. ಅವಳು ಮಳೆಗೆ ಹೊದೆಯುವ ಗೊರಬನ್ನು ತಂದು ಅವನ ತಲೆಗಿಟ್ಟಳು. ಅವನು ಮಳೆಯಲ್ಲೇ ಪೇಟೆ ಬೀದಿಗೆ ನಡೆದ.

ಅಂಗಡಿಯ ಮುಂದೆ ನಿಂತು, ಇವತ್ತು ಇಲ್ಲ, ಮೂರು ದಿನದಿಂದ ಒಲೆ ಹೊತ್ತಿಲ್ಲ, ಅದನ್ನು ಹೇಳಿ ಹೋಗಲು ಬಂದೆ ಎಂದ. ವ್ಯಾಪಾರಿ ತಕ್ಕಡಿ ಕೆಳಗಿಟ್ಟು ಅವನನ್ನು ನೋಡಿದ. ಹಣವಿದ್ದಾಗ ಬಂದವರನ್ನು ಅವನು ಬೇಕಾದಷ್ಟು ಕಂಡಿದ್ದ, ಹಣವಿಲ್ಲದಾಗ ಓಡಿಹೋದವರನ್ನೂ ಕಂಡಿದ್ದ. ಇಲ್ಲ ಎಂದು ಹೇಳಲು ಮಳೆಯಲ್ಲಿ ನಡೆದು ಬಂದವನನ್ನು ಕಂಡಿರಲಿಲ್ಲ. ಮಳೆ ನಿಂತ ಮೇಲೆ ಸೇರಿಸಿ ಕೊಡು, ಮಾತು ನಲವತ್ತೈದಕ್ಕೇ ಇರಲಿ ಎಂದ. ನೆನೆಯುತ್ತಿದ್ದೀ, ಒಳಗೆ ಬಾ ಎಂದೂ ಅಂದ.

ಎಲ್ಲ ತೀರುವ ಹೊತ್ತಿಗೆ ವರ್ಷದ ಮೇಲಾಯಿತು. ಆ ವರ್ಷ ಅವರ ಮನೆಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ತರಲಿಲ್ಲ. ಆದರೆ ಊರು ಬಿಡಲಿಲ್ಲ. ಬಾಗಿಲು ಬಡಿದರೆ ಹೆಂಡತಿ ತಾನೇ ಹೋಗಿ ತೆಗೆಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ದ ಮುಖ ಎತ್ತಿದ.

"ಅವನಿಗೆ ಸಿಕ್ಕವರು ಒಳ್ಳೆಯವರು, ಬುದ್ಧಿ. ನನಗೆ ಕೊಟ್ಟ ನಾಲ್ವರೂ ಅಂಥವರಲ್ಲ. ಸ್ವಲ್ಪ ಸ್ವಲ್ಪ ಕೊಡುತ್ತೇನೆ ಎಂದರೆ ಆಗುವುದಿಲ್ಲ ಎನ್ನುತ್ತಾರೆ."

ಗುರುಗಳು ಅವನನ್ನೇ ನೋಡುತ್ತ, "ಯಾವತ್ತು ಅಂದರು?" ಎಂದು ಕೇಳಿದರು.