ಬಿಳಿ ಸೀತಾಳೆಯ ಮಗಳು

ದೇಚಮ್ಮನ ಗಾಜಿನ ಮನೆಯಲ್ಲಿ, ಮರದ ತುಂಡಿಗೆ ಕಟ್ಟಿ ಬೆಳೆಸಿದ ಒಂದು ಬಿಳಿ ಸೀತಾಳೆ ಗಿಡವಿತ್ತು. ಮಂಜು ಕವಿದ ಬೆಳಗುಗಳಲ್ಲಿ ಅದರ ಹೂಗಳು ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದವು. ತನ್ನಂಥ ಬಿಳುಪು ಲೋಕದಲ್ಲೇ ಇಲ್ಲವೆಂದು ಅದು ನಂಬಿತ್ತು. ಆದರೆ ಅದರ ಕುಲಕ್ಕೆ ಬಿಸಿಲು ತಾಳುವ ಶಕ್ತಿಯಿರಲಿಲ್ಲ. ಜೊತೆಯ ಗಿಡಗಳೆಲ್ಲ ಸತ್ತು, ಅದೊಂದೇ ಉಳಿದಿತ್ತು.

ಒಂದು ದಿನ ದೇಚಮ್ಮ ಪಕ್ಕದ ಕೆನ್ನೀಲಿ ಸೀತಾಳೆಯ ಪರಾಗವನ್ನು ಕಡ್ಡಿಯ ತುದಿಗೆ ಅಂಟಿಸಿಕೊಂಡು ಬಂದಳು. "ನಿನ್ನ ವಂಶ ಉಳಿಯಲಿ ತಾಯಿ," ಎಂದಳು.

"ನಿಲ್ಲು," ಎಂದು ಬಿಳಿ ಸೀತಾಳೆ ಕಡ್ಡಿಯನ್ನು ತಡೆಯಿತು. "ಕಾಯಿ ಹೊತ್ತರೆ ನಾನು ಮತ್ತೆ ಹೂ ಬಿಡಲಾರೆ. ಹುಟ್ಟುವ ಮಗಳಾದರೂ ಬೆಳ್ಳಗಿರುವಳೇ?"

"ಆ ಮಾತು ಕೊಡಲಾರೆ," ಎಂದಿತು ಕಡ್ಡಿ. "ಬಿಸಿಲಿಗೆ ಹೆದರಳು, ಅಷ್ಟೇ ಬಲ್ಲೆ."

ಸೀತಾಳೆ ತನ್ನ ಬಿಳಿ ಎಸಳುಗಳನ್ನೊಮ್ಮೆ ನೋಡಿಕೊಂಡಿತು. ಆಮೇಲೆ, "ಬಾ," ಎಂದಿತು.

ಹೂ ಬಾಡಿ ಕಾಯಿಯಾಯಿತು. ಧೂಳಿನಷ್ಟು ಸಣ್ಣ ಬೀಜಗಳನ್ನು ದೇಚಮ್ಮ ಸೀಸೆಯೊಳಗೆ ಮೊಳೆಸಿದಳು. ಬದುಕಿದ್ದು ಒಂದೇ ಸಸಿ. ವರ್ಷಗಳು ಕನಸಿನಂತೆ ಸರಿದವು. ಒಂದು ಬೇಸಿಗೆಯಲ್ಲಿ ಆ ಸಸಿ ಸಂಜೆಮೋಡದ ಬಣ್ಣದ ಹೂ ಬಿಟ್ಟು, ಸುಡುವ ಬಿಸಿಲಿನಲ್ಲೂ ನಗುತ್ತ ನಿಂತಿತು. ಎದುರಿಗೆ ಬರೀ ಎಲೆಗಳಾಗಿ ಉಳಿದಿದ್ದ ಮುದಿ ಗಿಡವನ್ನು ಕಂಡು ಕೇಳಿತು:

"ಅಮ್ಮಾ, ನೀವೂ ಹೂ ಬಿಡುತ್ತಿದ್ದಿರಾ? ಯಾವ ಬಣ್ಣ?"

ತಾಯಿ ಅದನ್ನು ಕಣ್ತುಂಬ ನೋಡಿತು.

"ಮರೆತೇಹೋಗಿದೆ, ಮಗಳೇ. ನೀನು ಇನ್ನೊಂದಿಷ್ಟು ಈ ಕಡೆ ತಿರುಗು."