ಸುರಿದ ಕೊಡ, ಹಿಡಿದ ಕೊಡ

ಒಂದಾನೊಂದು ಕಾಲ ಅಂದರೆ, ಮನೆಯ ಮಾಳಿಗೆಗೆಲ್ಲ ಮಣ್ಣೇ ಹೊದಿಕೆಯಾಗಿದ್ದ ಕಾಲ ಮಗಾ, ಆ ಕಾಲದಲ್ಲಿ ಎರೆಹಾಳ ಅನ್ನೋ ಊರಲ್ಲಿ ಬಾಳವ್ವ ಅಂತ ಒಬ್ಬಳು ಮುದುಕಿ ಇದ್ದಳಂತೆ. ಕಣ್ಣು ಕಾಣಿಸುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯೋ ಸದ್ದು ಕೇಳಿಯೇ ಹಿಟ್ಟಿಗೆ ನೀರು ಹೆಚ್ಚಾಯ್ತು ಅಂತ ಹೇಳಿಬಿಡೋ ಮುದುಕಿ. ಅವಳಿಗೆ ಮೂವರು ಸೊಸೆಯರು. ಹಿರಿಯಳು ಗಿರಿಜವ್ವ, ನಡುವಿನವಳು ಕಲ್ಲವ್ವ, ಕಿರಿಯಳು ಸೋಮವ್ವ.

ಸೋಮವ್ವ ಆ ಮನೆಗೆ ಕಾಲಿಟ್ಟ ವರ್ಷ ಮಳೆಗಾಲ ಮುಗಿದು ಬಿತ್ತನೆಗೆ ಅಂತ ಗುಮ್ಮಿ ತೆಗೆದರೆ, ಗುಮ್ಮಿ ಅಂದರೆ ಗೋಡೆಗೆ ಒತ್ತಿ ನಿಲ್ಲಿಸಿದ ಮಣ್ಣಿನ ಕಣಜ, ಒಳಗಿದ್ದ ಬೀಜದ ಜೋಳವೆಲ್ಲ ಮುಗ್ಗಿ ಹೋಗಿತ್ತಂತೆ. ಕಂಡವರ ಮನೆಯ ಬೀಜ ಬೇಡಿ ತಂದು ಬಿತ್ತಿದರಂತೆ. ಆಮೇಲೆ ಓಣಿಯೆಲ್ಲ ಒಂದೇ ಮಾತು, ಹೊಸ ಸೊಸೆಯ ಕಾಲ್ಗುಣ ನೋಡ್ರೇ ಅಂತ. ಬಾಳವ್ವನೂ ಹೇಳಿಬಿಟ್ಟಳಂತೆ, ಈ ವರ್ಷವೂ ಬೀಜ ಕೆಟ್ಟರೆ ನೀನು ನಿನ್ನ ತವರಿಗೆ ಹೊರಡು ತಾಯಿ ಅಂತ. ಗಂಡ ನೆಲ ನೋಡುತ್ತಾ ಕೂತಿದ್ದನಂತೆ. ಸೋಮವ್ವ ತನ್ನ ಎರಡು ಸೀರೆ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದಳಂತೆ, ಹೇಗೂ ಕಳಿಸುತ್ತಾರೆ, ಅವತ್ತು ಹುಡುಕೋದು ಯಾಕೆ ಅಂತ.

ಮರುವರ್ಷ ರೋಹಿಣಿ ಮಳೆ ಹತ್ತಿರ ಬಂತು. ಬಾಳವ್ವ ಹಿರಿಯ ಸೊಸೆಯನ್ನು ಕರೆದು, ಮಾಳಿಗೆ ನೀರು ಹೊರಗೆ ಬೀಳೋ ಹರಿನಾಳಿಗೆ ಹೇಗಿದೆ ನೋಡು ಅಂದಳಂತೆ. ಗಿರಿಜವ್ವ ಅಂಗಳದಲ್ಲೇ ನಿಂತು, ಹಣೆಗೆ ಕೈಯಿಟ್ಟು ನೋಡಿ, ಕಲ್ಲಿನ ಬಾಯಿ ಗಟ್ಟಿಯಾಗಿದೆ ಅತ್ತೀ ಅಂದಳಂತೆ. ಬಾಳವ್ವನಿಗೆ ಅದು ಸಾಲಲಿಲ್ಲ. ಆಮೇಲೆ ಕಲ್ಲವ್ವನ್ನ ಕರೆದಳು. ಕಲ್ಲವ್ವ ಏಣಿ ಹತ್ತಿ, ಮಾಳಿಗೆ ಗುಡಿಸಿ, ಅಂಚಿನ ಕಾಲುವೆಯ ಬೇವಿನೆಲೆ ತೆಗೆದು, ಕಲ್ಲಿಗೆ ಸುಣ್ಣ ಬಳಿದು ಇಳಿದಳಂತೆ. ಮದುವಣಗಿತ್ತಿ ಹಾಗೆ ಕಾಣಿಸ್ತದೆ ಅತ್ತೀ ಅಂದಳಂತೆ. ನನಗೆ ಕಾಣೋದಿಲ್ಲವಲ್ಲ ಅಂದಳಂತೆ ಮುದುಕಿ.

ಆಮೇಲೆ ಸೋಮವ್ವ ಬಂದು, ಅತ್ತೀ, ಕಣ್ಣಿಗೆ ಕಂಡದ್ದು ಬೇಡ, ನಿಮ್ಮ ಕೈಗೆ ಸಿಕ್ಕೋದು ಹೇಳ್ತೀನಿ, ನೀವು ಕೆಳಗೆ ಕೊಡ ಹಿಡೀರಿ, ನಾನು ಮೇಲಿಂದ ಒಂದು ಕೊಡ ಸುರೀತೀನಿ, ಕಂಠಮಟ್ಟ ಸುರಿದರೆ ಕಂಠಮಟ್ಟ ಬರಬೇಕು ಅಂದಳಂತೆ. ಬಾವಿ ನೀರು ದಂಡ ಅಂತ ಗಿರಿಜವ್ವ ನಕ್ಕಳಂತೆ. ಮುದುಕಿ ಮಾತ್ರ ಸೆರಗು ಸಿಕ್ಕಿಸಿ ಹರಿನಾಳಿಗೆ ಕೆಳಗೆ ಕೊಡ ಇಟ್ಟುಕೊಂಡು ಕೂತಳಂತೆ.

ಸುರಿದಳು. ಕೆಳಗೆ ತಟ ತಟ ಅಂತ ಬಿತ್ತು. ಮುದುಕಿ ಬೆರಳು ಅದ್ದಿ ನೋಡಿದರೆ ಅರ್ಧ ಕೊಡ. ಇನ್ನರ್ಧ ಎಲ್ಲೇ ಅಂದಳಂತೆ. ನಿಮ್ಮ ಗೋಡೆ ಕುಡೀತು ಅತ್ತೀ ಅಂದಳಂತೆ ಸೋಮವ್ವ. ಗುಮ್ಮಿ ನಿಂತದ್ದು ಅದೇ ಗೋಡೆಗೆ ಮಗಾ! ಸೋಮವ್ವ ಹರಿನಾಳಿಗೆಯೊಳಗೆ ಮೊಣಕೈವರೆಗೂ ಕೈ ತೂರಿಸಿದಳು, ಹುಲ್ಲು ಸಿಕ್ಕಿತು, ಹತ್ತಿ ಸಿಕ್ಕಿತು, ಆಮೇಲೆ ಮೂರು ಮೊಟ್ಟೆ ಸಿಕ್ಕವಂತೆ. ಗುಬ್ಬಿ ಗೂಡು.

ಗಿರಿಜವ್ವ ಮೆಲ್ಲಗೆ, ಹೋದ ವರ್ಷವೂ ಇತ್ತು ಅತ್ತೀ, ಗುಬ್ಬಿ ಗೂಡು ಕೀಳಬಾರದು ಅಂತ ನೀವೇ ಹೇಳಿದ್ದಿರಿ, ಅದಕ್ಕೇ ಸುಮ್ಮನಿದ್ದೆ ಅಂದಳಂತೆ. ಮುದುಕಿ ಕೊಡ ನೆಲಕ್ಕೆ ಕುಕ್ಕಿ, ಕೀಳಬಾರದು ಅಂದದ್ದು ನಾನೇ, ಸರಿ, ಹೇಳಬಾರದು ಅಂದವರು ಯಾರೇ ನಿನಗೆ ಅಂದಳಂತೆ.

ಗೂಡು ಕೀಳೋ ಹಾಗಿಲ್ಲ, ಮಳೆ ನಿಲ್ಲೋ ಹಾಗಿಲ್ಲ. ಕಲ್ಲವ್ವ ಅಂದಳಂತೆ, ಹೋಗಲಿ ಬಿಡೇ, ದೇವರಿಗೆ ಹರಕೆ ಹೊತ್ತುಕೋ. ಹರಕೆ ಆಮೇಲೆ ಅಕ್ಕಾ, ಮೊದಲು ಹಾರೆ ಕೊಡು ಅಂದಳಂತೆ ಸೋಮವ್ವ. ಗೂಡಿಗಿಂತ ಎರಡು ಮಾರು ಈಚೆಗೆ ಮಾಳಿಗೆಯ ಅಂಚು ಒಡೆದಳು, ಅಲ್ಲಿ ಒಂದು ಹೆಂಚಿಟ್ಟಳು, ಗೂಡಿನ ಕಡೆ ನೀರು ಹೋಗದಂತೆ ಮಣ್ಣಿನ ಕಟ್ಟೆ ಹಾಕಿದಳು. ಮುದುಕಿಯನ್ನು ಆ ಹೆಂಚಿನ ಕೆಳಗೆ ಕೂಡಿಸಿ ಎರಡನೇ ಕೊಡ ಸುರಿದಳು. ಮುದುಕಿ ಬೆರಳು ಅದ್ದಿ, ಇನ್ನೂ ಒಂದು ತಂಬಿಗೆ ಕಡಿಮೆ ಅಂದಳಂತೆ. ನೋಡಿದರೆ ಹೆಂಚಿನ ತುಟಿ ಗಿಡ್ಡ, ನೀರು ಹಿಂದಕ್ಕೆ ತಿರುಗಿ ಗೋಡೆ ನೆಕ್ಕುತ್ತಾ ಇಳೀತಿತ್ತು. ಕೈಯೆಲ್ಲ ಬೊಬ್ಬೆ. ಆದರೂ ಹೆಂಚು ಕಿತ್ತು, ಉದ್ದನೆಯದು ಹುಡುಕಿ ತಂದು, ಹೊರಕ್ಕೆ ಬಾಗಿಸಿ ಕೂಡಿಸಿ, ಮೂರನೇ ಕೊಡ ಸುರಿದಳಂತೆ. ಮುದುಕಿಯ ಬೆರಳು ಅದ್ದೋದೇ ಬೇಕಾಗಲಿಲ್ಲ, ಕೊಡ ಕಂಠಮಟ್ಟ ತುಂಬಿ ಅವಳ ಮಡಿಲ ಮೇಲೇ ಚಿಮ್ಮಿತಂತೆ! ಅಯ್ಯೋ, ಸೀರೆ ಒದ್ದೆ ಮಾಡಿದೆಯಲ್ಲೇ ಅಂತ ಮುದುಕಿ ಬೈದಳು. ಬೈಯುತ್ತಾ ನಕ್ಕಳಂತೆ.

ಆಮೇಲೆ ರೋಹಿಣಿ ಬಂತು, ಮೃಗಶಿರ ಬಂತು, ಆರಿದ್ರ ಬಂತು. ಒಂದೊಂದು ಮಳೆಗೂ ಬಾಳವ್ವ ಗೋಡೆಗೆ ಅಂಗೈ ಒತ್ತಿ ಕೂತಳಂತೆ. ಗೋಡೆ ಬೆಚ್ಚಗೇ ಇತ್ತು. ಹರಿನಾಳಿಗೆಯಿಂದ ಮೂರು ಗುಬ್ಬಿ ಮರಿ ಹಾರಿಹೋದವು. ಗೂಡು ಖಾಲಿಯಾದ ಮೇಲೆ ಸೋಮವ್ವ ಹರಿನಾಳಿಗೆಯನ್ನೂ ತೊಳೆದು ನೀರು ಹರಿಸಿ ನೋಡಿದಳಂತೆ, ಸುಮ್ಮನೆ ಬಿಡೋಳಲ್ಲ ಅವಳು.

ಮಳೆಗಾಲ ಮುಗಿದು ಬಿತ್ತನೆ ದಿನ ಗುಮ್ಮಿ ತೆಗೆಯುವಾಗ ಸೋಮವ್ವ ಬಾಗಿಲ ಹಿಂದೆ ಗೂಟದ ಗಂಟು ಹಿಡಿದು ನಿಂತಿದ್ದಳಂತೆ. ಬಾಳವ್ವ ಒಂದು ಹಿಡಿ ಜೋಳ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದಳು. ಗಲಗಲ! ಬಾರೇ ಇಲ್ಲಿ, ತಪ್ಪು ನಿನ್ನ ಕಾಲಿನದಲ್ಲ, ತಲೆಯೆತ್ತಿ ನೋಡದ ನಮ್ಮ ಕತ್ತಿನದು, ಆ ಗಂಟು ಬಿಚ್ಚು ಅಂದಳಂತೆ. ಆಗ ಗಂಡನೇ ಎದ್ದು ಬಂದು ಗಂಟು ಬಿಚ್ಚಿ, ಅವಳ ಉಡಿಗೆ ಮೊದಲ ಹಿಡಿ ಬೀಜ ಹಾಕಿ, ಅವಳನ್ನು ಮುಂದೆ ಮಾಡಿಕೊಂಡು ಹೊಲಕ್ಕೆ ಹೋದನಂತೆ.

ಅವತ್ತಿನಿಂದ ಆ ಊರಲ್ಲಿ ಮಳೆಗೆ ಮೊದಲು ಸೊಸೆ ಮೇಲೆ ನಿಂತು ಕೊಡ ಸುರೀತಾಳಂತೆ, ಅತ್ತೆ ಕೆಳಗೆ ಕೂತು ಕೊಡ ಹಿಡೀತಾಳಂತೆ. ನನ್ನ ಕತೆಯೂ ಕಂಠಮಟ್ಟ ತುಂಬಿತು, ಇಲ್ಲಿಗೆ ಮುಗೀತು. ಮಲಕ್ಕೋ ಮಗಾ.