ಎಲೆಯ ಪಕ್ಕ ಕೂತ ಮೊಬೈಲ್

ಹದಿನಾಲ್ಕರ ಇಂಪನಾಳ ತೂಕ ಇಳಿಸುವ ಮಹತ್ಕಾರ್ಯವನ್ನು ಅವಳಪ್ಪ ಒಂದು ಮೊಬೈಲ್‌ಗೆ ವಹಿಸಿದ್ದ. ಸೋದರತ್ತೆಯ ಮಗಳ ನಿಶ್ಚಿತಾರ್ಥದ ಊಟಕ್ಕೂ ಅದು ಬಂದು, ಅವಳ ಬಾಳೆಲೆಯ ಪಕ್ಕದಲ್ಲೇ ಕಾವಲು ಕೂತಿತು.

ಸೌಟು ಪಾಯಸ ಬಡಿಸಿತು. "ಸಾಕು" ಎಂದಳು ಹುಡುಗಿ.

"ಒಂದೇ ಸಲ ಬಡಿಸಬಾರದಮ್ಮ" ಎಂದು ಸೌಟು ಇನ್ನೊಮ್ಮೆ ಸುರಿಯಿತು.

ಎಲೆಗೆ ಬಿದ್ದದ್ದನ್ನೆಲ್ಲ ಲೆಕ್ಕ ಹಾಕುತ್ತಿದ್ದ ಮೊಬೈಲ್ ಇಡೀ ಪಂಕ್ತಿಗೆ ಕೇಳುವಂತೆ ಕೂಗಿತು: "ಎಚ್ಚರಿಕೆ! ಇಂಪನಾ ಇವತ್ತಿನ ಮಿತಿ ದಾಟಿದ್ದಾಳೆ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹುಡುಗಿ ಒಂದು ತುತ್ತೂ ಮುಟ್ಟದೆ, ಎಲ್ಲರಿಗಿಂತ ಮೊದಲೇ ಎದ್ದು ಹೋದಳು.

"ನೋಡಿದೆಯಾ ನನ್ನ ಚಿಕಿತ್ಸೆ?" ಎಂದು ಮೊಬೈಲ್ ಬೀಗಿತು. "ನೀನು ಬಡಿಸಿದ್ದು ಎಲೆಯಲ್ಲೇ ಉಳಿಯಿತು. ಅವಳು ಏನೂ ತಿನ್ನಲಿಲ್ಲ."

"ತಿನ್ನಲಿಲ್ಲವೇ? ನಾವಿಬ್ಬರೂ ಸೇರಿ ಬಡಿಸಿದ ಅವಮಾನವನ್ನು ಅಷ್ಟು ಜನರ ಮುಂದೆ ನುಂಗಿಕೊಂಡಳಲ್ಲ," ಎಂದಿತು ಸೌಟು. "ಅದಕ್ಕೆಷ್ಟು ಕ್ಯಾಲೊರಿ?"

ಮೊಬೈಲ್ ತನ್ನೊಳಗೆಲ್ಲ ತಡಕಾಡಿ, ಗಂಭೀರವಾಗಿ ಉತ್ತರಿಸಿತು: "ಅವಮಾನ ಅನ್ನುವ ತಿನಿಸು ನನ್ನಲ್ಲಿಲ್ಲ. ಕುರುಕಲು ತಿಂಡಿ ಎಂದು ಬರೆದುಕೊಳ್ಳುತ್ತೇನೆ. ದಿನಕ್ಕೆ ಎಷ್ಟು ಸಲ ತಿನ್ನುತ್ತಾಳೆ?"